ಬೀಗ ಗಟ್ಟಿ, ಕೀಲಿ ಬೆಂಗಳೂರಿನಲ್ಲಿ

2024ರ ಜುಲೈ 19, ಶುಕ್ರವಾರ. ಕ್ರೌಡ್‌ಸ್ಟ್ರೈಕ್ ಎಂಬ ಸೈಬರ್ ಭದ್ರತಾ ಕಂಪನಿ ಕಳಿಸಿದ ಒಂದು ದೋಷದ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತುಬಿಟ್ಟವು. ಮೈಕ್ರೋಸಾಫ್ಟ್ ಅಂದಾಜಿನಲ್ಲಿ ಅಂಥವು ಸುಮಾರು 85 ಲಕ್ಷ. ಪರಿಹಾರ ಕಷ್ಟದ್ದೇನಲ್ಲ: ಸೇಫ್ ಮೋಡ್‌ನಲ್ಲಿ ತೆರೆದು ಒಂದು ಫೈಲ್ ಅಳಿಸಬೇಕಿತ್ತು. ಆದರೆ ಕಂಪನಿಗಳ ಲ್ಯಾಪ್‌ಟಾಪ್‌ಗಳಲ್ಲಿ ಬಿಟ್‌ಲಾಕರ್ ಬೀಗ ಹಾಕಿರುತ್ತದೆ; ಅದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಆಫೀಸಿನಲ್ಲಿ ಕೂತವರ ಮೇಜಿನ ಬಳಿಗೆ ಐಟಿಯವರು ನಡೆದು ಹೋಗಬಹುದು. ಮನೆಯಲ್ಲಿ ಕೂತವರು ಫೋನ್ ಹಿಡಿದು ಆ 48 ಅಂಕಿಗಳನ್ನು ಬರೆದುಕೊಳ್ಳಬೇಕು.

ಆಫೀಸ್ ಲ್ಯಾಪ್‌ಟಾಪನ್ನು ಮನೆಯ ನೆಟ್‌ಗೆ ಹಚ್ಚಿ ದುಡಿಯುವ ಪದ್ಧತಿಯನ್ನು ಅಳೆಯಬೇಕಾದದ್ದು ಇಂಥ ದಿನಗಳಲ್ಲೇ. ಬೀಗ ಎಷ್ಟು ಭದ್ರ ಎಂದು ಕಂಪನಿಗಳು ಲೆಕ್ಕ ಹಾಕಿವೆ. ಹೊರಗೆ ಉಳಿದವರು ಮತ್ತೆ ಒಳಗೆ ಬರುವುದು ಹೇಗೆ ಎಂಬುದಕ್ಕೆ ಅಷ್ಟೇ ಯೋಚನೆ ಕೊಟ್ಟಿಲ್ಲ. ಬೆಂಗಳೂರಿನಿಂದ 300 ಕಿಲೋಮೀಟರ್ ಆಚೆಯ ಬಳ್ಳಾರಿಯಲ್ಲಿ, ಅಲ್ಲಿಂದ ಇನ್ನೂ ದೂರದ ಸಿರುಗುಪ್ಪದಲ್ಲಿ, ಈಚೆಗೆ ತಾಲ್ಲೂಕು ಕೇಂದ್ರವಾದ ಕುರುಗೋಡಿನಲ್ಲಿ ಕೂತು ದುಡಿಯುವವರಿಗೆ ಈ ಕೊರತೆ ದಿನದ ಕೂಲಿಯ ಪ್ರಶ್ನೆ.

ಕಾನೂನು ಅಡ್ಡಿಯಾಗಿಲ್ಲ. 2020ರ ನವೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ಬಿಪಿಒ, ಐಟಿ ಸೇವೆಗಳ ನಿಯಮ ಸಡಿಲಿಸಿ, ನೌಕರರು ದೇಶದ ಎಲ್ಲಿಂದ ಬೇಕಾದರೂ ಕೆಲಸ ಮಾಡಲು ದಾರಿ ಮಾಡಿತು. ಊರಿಗೆ ಮರಳಿದವರು ಊರಲ್ಲೇ ಉಳಿದು ದುಡಿಯಬಹುದೆಂಬ ಭರವಸೆ ಹುಟ್ಟಿದ್ದು ಆ ದಿನಗಳಲ್ಲೇ. ಅದು ಸಣ್ಣ ಸಂಗತಿಯಲ್ಲ.

ತೊಡಕು ಶುರುವಾಗುವುದು ಮನೆಯ ರೌಟರ್‌ನಲ್ಲಿ. 1996ರ ಫೆಬ್ರುವರಿಯಲ್ಲಿ ಬಂದ ಆರ್‌ಎಫ್‌ಸಿ 1918 ಎಂಬ ದಾಖಲೆ ಖಾಸಗಿ ಬಳಕೆಗೆಂದು ಕೆಲವು ಐಪಿ ವಿಳಾಸಗಳನ್ನು ಎತ್ತಿಟ್ಟಿತು. ಅವುಗಳಲ್ಲಿ 192.168ರಿಂದ ಶುರುವಾಗುವ ಗುಂಪೇ ಹೆಚ್ಚಿನ ಮನೆಗಳಲ್ಲಿರುವುದು. ಬಳ್ಳಾರಿಯ ಕೌಲ್‌ಬಜಾರ್‌ನಲ್ಲೂ ಒಂದನೇ ನಂಬರಿನ ಮನೆಯಿದೆ, ಸತ್ಯನಾರಾಯಣಪೇಟೆಯಲ್ಲೂ ಇದೆ; ಬಡಾವಣೆ ಗೊತ್ತಿಲ್ಲದೆ ಕೊರಿಯರ್‌ನವನು ಎಲ್ಲಿಗೆ ಹೋಗಬೇಕು? ಕಂಪನಿಯ ಶಾಖೆಯೂ ಮನೆಯ ರೌಟರೂ 192.168.1 ಎಂಬ ಒಂದೇ ಗುಂಪನ್ನು ಬಳಸಿದರೆ ಲ್ಯಾಪ್‌ಟಾಪ್‌ಗೂ ಅದೇ ಗತಿ. ಕಂಪನಿಯ ನೆಟ್‌ಗೆ ದಾರಿ ಕೊಡುವ ವಿಪಿಎನ್ ಹಸಿರು ಬಣ್ಣದಲ್ಲಿ ‘ಕನೆಕ್ಟೆಡ್’ ಎನ್ನುತ್ತದೆ, ಸರ್ವರ್ ಮಾತ್ರ ತೆರೆಯುವುದಿಲ್ಲ. ಲ್ಯಾಪ್‌ಟಾಪ್ ಆ ಸರ್ವರನ್ನು ಮನೆಯೊಳಗೇ ಹುಡುಕುತ್ತಿರುತ್ತದೆ. ರೌಟರ್‌ನ ವಿಳಾಸವನ್ನು 192.168.57.1 ಎಂಬಂಥ ಅಪರೂಪದ ಸಂಖ್ಯೆಗೆ ಬದಲಿಸಿದರೆ ಈ ಜಗಳ ಸಾಮಾನ್ಯವಾಗಿ ಮುಗಿಯುತ್ತದೆ. ಆದರೆ ಎಷ್ಟೋ ಕಡೆ ರೌಟರ್‌ನ ಅಡ್ಮಿನ್ ಪಾಸ್‌ವರ್ಡ್ ಕೇಬಲ್‌ನವರ ಹತ್ತಿರವೇ ಇರುತ್ತದೆ. ಇಷ್ಟು ಸಣ್ಣ ಬದಲಾವಣೆಯನ್ನು ಲ್ಯಾಪ್‌ಟಾಪ್ ಕೊಡುವ ದಿನವೇ ಒಂದು ಹಾಳೆಯಲ್ಲಿ, ಕನ್ನಡದಲ್ಲಿ, ಬರೆದುಕೊಟ್ಟರೆ ಎಷ್ಟೋ ದೂರುಗಳು ಹುಟ್ಟುವುದೇ ಇಲ್ಲ.

ಇನ್ನೊಂದು ತೊಂದರೆ ಕಣ್ಣಿಗೆ ಬೀಳುವುದೇ ಕಷ್ಟ. ಮೇಲ್‌ಗಳ ಪಟ್ಟಿ ಬರುತ್ತದೆ, ಅಟ್ಯಾಚ್‌ಮೆಂಟ್ ಬರುವುದಿಲ್ಲ. ಲಾಗಿನ್ ಪುಟ ತೆರೆಯುತ್ತದೆ, ಮುಂದಿನ ಪುಟ ಸುತ್ತುತ್ತಲೇ ಇರುತ್ತದೆ. ಒಮ್ಮೆಗೆ ಸಾಗಬಹುದಾದ ಪ್ಯಾಕೆಟ್‌ನ ಗಾತ್ರ ಸಾಮಾನ್ಯವಾಗಿ 1500 ಬೈಟ್; ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಡಯಲ್ ಮಾಡುವ ಪಿಪಿಪಿಒಇ ಸಂಪರ್ಕದಲ್ಲಿ ಅದು 1492ಕ್ಕೆ ಇಳಿಯುತ್ತದೆ. ವಿಪಿಎನ್ ತನ್ನ ಹೊದಿಕೆಯನ್ನೂ ಸೇರಿಸಿದಾಗ ದೊಡ್ಡ ಪ್ಯಾಕೆಟ್‌ಗಳು ದಾರಿಯಲ್ಲೇ ಬಿದ್ದುಹೋಗಬಹುದು. ಇದನ್ನು ಸರಿಪಡಿಸಬೇಕಾದದ್ದು ಕಂಪನಿ, ತನ್ನ ವಿಪಿಎನ್ ಸೆಟ್ಟಿಂಗ್‌ನಲ್ಲಿ. ‘ನಿಮ್ಮ ನೆಟ್ ಸರಿಯಿಲ್ಲ’ ಎಂಬ ಸಿದ್ಧ ಉತ್ತರ ಇಂಥ ಕಡೆ ಅನ್ಯಾಯದ ಉತ್ತರ.

ಜೆಸ್ಕಾಂ ಕರೆಂಟು ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತದೆ, ರೌಟರ್ ಸಾಯುತ್ತದೆ, ವಿಪಿಎನ್ ಕಡಿಯುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ಗೆ ಬದಲಿಸಿದರೆ ಹೊರಗಿನ ವಿಳಾಸವೇ ಬೇರೆಯಾಗುತ್ತದೆ, ಕೆಲವೊಮ್ಮೆ ಅದು ಬೇರೆ ಊರನ್ನೇ ತೋರಿಸುತ್ತದೆ. ಕಂಪನಿಯ ಭದ್ರತಾ ವ್ಯವಸ್ಥೆ ಅನುಮಾನಿಸಿ ಖಾತೆ ತಡೆಹಿಡಿಯಲೂಬಹುದು. ರೌಟರ್‌ಗೆಂದೇ ಸಿಗುವ ಪುಟ್ಟ ಯುಪಿಎಸ್ ಇದಕ್ಕೆ ಒಳ್ಳೆಯ ಪರಿಹಾರ. ಕೆಲಸ ಕಂಪನಿಯದು ಎಂದ ಮೇಲೆ ಅದರ ಖರ್ಚೂ ಕಂಪನಿಯದೇ ಆಗಬೇಕು.

ಎಲ್ಲಕ್ಕಿಂತ ಹೆಚ್ಚು ಜನ ಸಿಕ್ಕಿಬೀಳುವುದು ಪಾಸ್‌ವರ್ಡ್ ಅವಧಿಯಲ್ಲಿ. ವಿಂಡೋಸ್ ಡೊಮೇನ್‌ನ ಮೂಲ ಸೆಟ್ಟಿಂಗ್‌ನಲ್ಲಿ ಈ ಅವಧಿ 42 ದಿನ. ಅವಧಿ ಮುಗಿದ ಪಾಸ್‌ವರ್ಡ್ ಬದಲಿಸಲು ಕಂಪನಿಯ ನೆಟ್ ಬೇಕು, ಆ ನೆಟ್‌ಗೆ ಹೋಗಲು ವಿಪಿಎನ್ ಬೇಕು, ಆ ವಿಪಿಎನ್ ಕೇಳುವುದೂ ಅದೇ ಪಾಸ್‌ವರ್ಡ್. ಅಂತೂ ಐಟಿಯವರಿಗೆ ಹೇಳಿ ಬದಲಿಸಿಕೊಂಡರೂ ಕತೆ ಮುಗಿಯದು: ಲ್ಯಾಪ್‌ಟಾಪ್ ತನ್ನೊಳಗೆ ಉಳಿಸಿಕೊಂಡ ಹಳೆಯ ಪಾಸ್‌ವರ್ಡ್‌ಗೇ ತೆರೆಯುತ್ತದೆ, ಮೇಲ್ ಹೊಸದನ್ನು ಕೇಳುತ್ತದೆ, ಕಿಸೆಯಲ್ಲಿರುವ ಫೋನು ಹಳೆಯದನ್ನೇ ಮತ್ತೆ ಮತ್ತೆ ಕಳಿಸಿ ಖಾತೆಯನ್ನು ಲಾಕ್ ಮಾಡಿಸಬಹುದು. ಪದೇ ಪದೇ ಪಾಸ್‌ವರ್ಡ್ ಬದಲಿಸುವುದರಿಂದ ಭದ್ರತೆ ಹೆಚ್ಚುವುದಿಲ್ಲವೆಂದು ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2017ರಲ್ಲೇ ಆ ಕಡ್ಡಾಯದ ವಿರುದ್ಧ ಸಲಹೆ ನೀಡಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಶಿಫಾರಸಿನಿಂದಲೂ ಅದನ್ನು ತೆಗೆದುಹಾಕಿತು. ಇನ್ನೂ ಈ ನಿಯಮಕ್ಕೆ ಅಂಟಿಕೊಂಡ ಕಂಪನಿಗಳಿಗೆ ಸಮರ್ಥನೆ ಉಳಿದಿಲ್ಲ.

ಎಲ್ಲ ಸಂಚಾರವನ್ನೂ ಕಂಪನಿಯ ಮೂಲಕವೇ ಹಾಯಿಸುವ ಪೂರ್ಣ ವಿಪಿಎನ್ ವಿಷಯದಲ್ಲಿ ಹಾಗೆ ಒಂದೇ ಮಾತು ಸಾಲದು. ಬ್ಯಾಂಕಿನ ಗ್ರಾಹಕರ ವಿವರ, ಆಸ್ಪತ್ರೆಯ ದಾಖಲೆ ನೋಡುವವರಿಗೆ ಅದು ಬೇಕು. ಮನೆಯ ಪ್ರಿಂಟರ್ ಕೈಬಿಟ್ಟರೂ ಸಹಿಸಬೇಕು. ವಿಡಿಯೋ ಮೀಟಿಂಗನ್ನೂ ಅದೇ ದಾರಿಯಲ್ಲಿ ತುರುಕುವುದು ಮಾತ್ರ ವ್ಯರ್ಥ. ತನ್ನ ಮೀಟಿಂಗ್, ಮೇಲ್ ಸಂಚಾರವನ್ನು ವಿಪಿಎನ್‌ನಿಂದ ಹೊರಗೆ ಬಿಡಿ ಎಂದು ಲಾಕ್‌ಡೌನ್ ಕಾಲದಲ್ಲಿ ಮೈಕ್ರೋಸಾಫ್ಟೇ ಹೇಳಿತ್ತು.

ನೌಕರರ ಪಾಲಿನ ಎಚ್ಚರವೂ ಇದೆ. ಸಿನಿಮಾ ನೋಡಲು ಹಾಕಿಕೊಂಡ ಉಚಿತ ವಿಪಿಎನ್ ಆ್ಯಪ್ ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಇರಲೇಬಾರದು. ಒಟಿಪಿ ಬರುವ ಫೋನನ್ನು ಮಾರುವ ಮೊದಲು ದೃಢೀಕರಣದ ಆ್ಯಪನ್ನು ಹೊಸ ಫೋನಿಗೆ ಸಾಗಿಸಿರಬೇಕು. ರಿಕವರಿ ಕೀ ಎಲ್ಲಿ, ಯಾರ ಬಳಿ, ರಾತ್ರಿ ಪಾಳಿಯಲ್ಲಿ ಯಾವ ನಂಬರಿಗೆ ಫೋನ್ ಮಾಡಿದರೆ ಸಿಗುತ್ತದೆ ಎಂಬುದನ್ನು ಕೆಲಸಕ್ಕೆ ಸೇರಿದ ವಾರವೇ ಕೇಳಿಟ್ಟುಕೊಳ್ಳಬೇಕು. ಪಾಸ್‌ವರ್ಡ್ ಬದಲಿಸುವಾಗ, ಅವಧಿ ಮುಗಿಯಲು ಕೆಲವು ದಿನ ಇರುವಾಗಲೇ, ಮೊದಲು ವಿಪಿಎನ್ ಹಚ್ಚಬೇಕು. ಕಂಟ್ರೋಲ್-ಆಲ್ಟ್-ಡಿಲೀಟ್ ಒತ್ತಿ ಬದಲಿಸಬೇಕು. ವಿಪಿಎನ್ ಕಡಿಯದೆ ಪರದೆ ಲಾಕ್ ಮಾಡಿ ಹೊಸ ಪಾಸ್‌ವರ್ಡ್‌ನಿಂದ ತೆರೆಯಬೇಕು. ತಕ್ಷಣ ಫೋನಿನ ಮೇಲ್‌ನಲ್ಲೂ ಹೊಸದನ್ನು ಹಾಕಬೇಕು. ಸೋಮವಾರ ಬೆಳಿಗ್ಗೆ ಸಹಾಯವಾಣಿಯಲ್ಲಿ ಸರದಿ ಕಾಯುವಾಗ ಇದನ್ನು ಕಲಿಯುವುದಕ್ಕಿಂತ ಗುರುವಾರ ಮಧ್ಯಾಹ್ನ, ಐಟಿಯವರು ಫೋನಿಗೆ ಸಿಗುವ ಹೊತ್ತಿನಲ್ಲಿ, ಮಾಡಿ ನೋಡುವುದು ಲೇಸು.