ಮುರಕಲ್ಲಿನೊಳಗಿನ ಮರಳುಕಾಳು

ನಮ್ಮ ಕರಾವಳಿಯ ಕೆರಾಡಿಯ ಮೂಡುಗಲ್ಲು ಕೇಶವನಾಥೇಶ್ವರನ ಗುಹೆಗುಡಿಗೆ ಹೋದವರು ನೀರನ್ನೂ ಮೀನನ್ನೂ ನೋಡಿ ಹಿಗ್ಗುತ್ತಾರೆ. ನನಗೆ ಗೋಡೆಯ ಮೇಲೇ ಕಣ್ಣು. ಬೆಳಕನ್ನು ಓರೆಯಾಗಿ ಹಿಡಿದರೆ ಮುರಕಲ್ಲಿನ ಮೈತುಂಬ ಬೆರಳು ತೂರುವಂಥ ತೂತುಗಳು. ಅಂಚಿಗೆ ಕಬ್ಬಿಣದ ಕಂದು, ಒಳಗೆ ಹಳದಿ, ಇನ್ನೂ ಒಳಗೆ ಶೇಡಿಯ ಬಿಳಿ.

ಬಾವಿ ತೋಡುವವರನ್ನು ಕೇಳಿ, ಅವರಿಗೆ ಗೊತ್ತು: ಮೇಲೆ ಗಟ್ಟಿ ಮುರಕಲ್ಲು, ಕೆಳಗೆ ಮೆತ್ತನೆಯ ಶೇಡಿಮಣ್ಣು. ಮಳೆಗಾಲದ ನೀರು ಬಿರುಕುಗಳಲ್ಲಿ ಇಳಿದು ಆ ಮಣ್ಣನ್ನು ಇಷ್ಟಿಷ್ಟೇ ಹೊತ್ತು ಗುಡ್ಡದ ಬುಡದಿಂದ ಹೊರಹಾಕುತ್ತದೆ; ಮೇಲಿನ ಪದರ ಮಾಡಾಗಿ ನಿಲ್ಲುತ್ತದೆ. ಉಳಿ ಮುಟ್ಟದ ಗುಹೆ ಹುಟ್ಟುವ ಬಗೆ ಇದು. 1801ರಲ್ಲಿ ನಮ್ಮ ಕರಾವಳಿಯನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್, ಕಡಿಯುವಾಗ ಮೆದುವಾಗಿದ್ದು ಗಾಳಿ ತಾಗಿದ ಮೇಲೆ ಗಟ್ಟಿಯಾಗುವ ಈ ಕಲ್ಲಿಗೆ 1807ರ ತನ್ನ ಪುಸ್ತಕದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟ. ಬ್ರಹ್ಮಾವರದ ಕಡೆ ಮನೆ ಕಟ್ಟಿಸಿದವರಿಗೆ ಆ ಗುಣ ಹೊಸತೇನಲ್ಲ.

ಗುಹೆಯ ವಯಸ್ಸನ್ನೋ ಮನುಷ್ಯ ಅಲ್ಲಿಗೆ ಬಂದ ಕಾಲವನ್ನೋ ಕೇಳಿದರೆ ಮಾತ್ರ ಮುರಕಲ್ಲು ಸತಾಯಿಸುತ್ತದೆ. ಸುಣ್ಣಕಲ್ಲಿನ ಗುಹೆ ಹಾಗಲ್ಲ, ಧಾರಾಳಿ. ಉತ್ತರ ಕನ್ನಡದ ಆಕಳಗವಿಯಲ್ಲಿ ನೀರು ತೊಟ್ಟಿಕ್ಕಿ ಬೆಳೆದ ಸುಣ್ಣದ ಕೊಂಬಿನಲ್ಲಿ ವರ್ಷಕ್ಕೊಂದು ಪದರವಿತ್ತು. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರು ಅದರಲ್ಲಿ 331 ವರ್ಷಗಳ ಮಳೆಯ ಏರಿಳಿತವನ್ನು ಓದಿ 2004ರಲ್ಲಿ ಪ್ರಕಟಿಸಿದರು. ನಮ್ಮ ಕೆಂಪುಕಲ್ಲಿನಲ್ಲಿ ಅಂಥ ಕೊಂಬು ಬೆಳೆಯುವುದಿಲ್ಲ. ಹುಳಿಮಣ್ಣು ಮೂಳೆಯನ್ನೂ ತಿಂದುಹಾಕುತ್ತದೆ. ಇದ್ದಿಲು ಸಿಕ್ಕರೆ ಪುಣ್ಯ, ಇಂಗಾಲ-14 ಕೈಹಿಡಿದೀತು. ಪುರಾತತ್ವ ಸಂಶೋಧಕ ಟಿ. ಮುರುಗೇಶಿಯವರು ಬೆಳಕಿಗೆ ತಂದ ಗಾವಳಿಯ ಬುದ್ಧನ ಜಡ್ಡಿನ ಕೊರೆಚಿತ್ರಗಳದೂ ಇದೇ ಕಷ್ಟ. ಬರಿಯ ಕೊರೆದ ಗೆರೆಯಲ್ಲಿ ಅಳೆಯಲು ಇಂಗಾಲವೆಲ್ಲಿ?

ಆದರೂ ಬೆಣಚುಕಲ್ಲಿನ ಮರಳುಕಾಳು ಉಳಿದಿರುತ್ತದೆ. 1985ರಲ್ಲಿ ವಿಜ್ಞಾನಿ ಡೇವಿಡ್ ಹಂಟ್ಲಿ ಮತ್ತು ಸಂಗಡಿಗರು ಅದಕ್ಕೆ ಬಾಯಿ ಬರಿಸುವ ದಾರಿ ತೋರಿಸಿದರು. ಬಿಸಿಲು ಬಿದ್ದರೆ ಕಾಳಿನ ಹಳೆಯ ಲೆಕ್ಕವೆಲ್ಲ ಚುಕ್ತಾ. ಹೂತು ಕತ್ತಲಾದ ಮೇಲೆ ಸುತ್ತಲಿನ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ವಿಕಿರಣದ ಶಕ್ತಿ ವರ್ಷವರ್ಷವೂ ಅದರಲ್ಲಿ ಜಮಾ. ಬೆಳಕು ತಾಗದಂತೆ ಕೊಳವೆಯಲ್ಲಿ ಮಾದರಿ ತೆಗೆದು, ಮಂದ ಕೆಂಪು ದೀಪದ ಕೋಣೆಯಲ್ಲಿ ಬಿಚ್ಚಿ, ಅದರ ಮೇಲೆ ನೀಲಿ ಬೆಳಕು ಹಾಯಿಸಿದರೆ ಕಾಳು ತಾನೂ ಒಂಚೂರು ಮಿನುಗುತ್ತದೆ. ಆ ಮಿನುಗಿನಿಂದ ಒಟ್ಟು ಜಮಾ ಎಷ್ಟೆಂದು ತಿಳಿಯುತ್ತದೆ. ವರ್ಷದ ಜಮೆಯಿಂದ ಅದನ್ನು ಭಾಗಿಸಿದರೆ ವಯಸ್ಸು. ಇದಕ್ಕಿಂತ ಸೊಗಸಾದ ಲೆಕ್ಕವನ್ನು ನಾನು ಕಂಡಿಲ್ಲ.

ಆದರೆ ಕೆಲಸ ಅಲ್ಲಿಗೇ ಮುಗಿಯದು. ಗುಹೆಯ ಮಾಡಿನಿಂದ ಉದುರಿದ ಕಾಳು ಬಿಸಿಲನ್ನೇ ಕಂಡಿರುವುದಿಲ್ಲ. ಅದನ್ನು ಅಳೆದರೆ ಮನುಷ್ಯ ಅಲ್ಲಿಗೆ ಬಂದ ಕಾಲವಲ್ಲ, ಬಂಡೆಯೊಳಗಿದ್ದಾಗಿನ ಹಳೆಯ ಜಮೆಯೇ ಕೈಗೆ ಬರುತ್ತದೆ. ನೀರಿನಲ್ಲಿ ನಡೆದಾಡುವ ಭಕ್ತರ ಕಾಲು ಹೊಸತನ್ನೂ ಹಳತನ್ನೂ ಕಲಸುತ್ತದೆ. ತೇವ ವಿಕಿರಣವನ್ನು ಒಂದಿಷ್ಟು ನುಂಗುತ್ತದೆ. ಹಾಗಾಗಿ ಯಂತ್ರಕ್ಕಿಂತ ಮುಂಚೆ ನೆಲ ಓದಬಲ್ಲವರು ಬೇಕು: ನೀರು ಯಾವ ಕಡೆಯಿಂದ ಬಂತು, ಯಾವ ಮರಳು ಹೊರಗಿನದು, ಮಾಡು ಎಲ್ಲಿ ಕುಸಿದಿದೆ? ನನ್ನನ್ನು ಕೇಳಿದರೆ ಗರ್ಭಗುಡಿಯ ಹತ್ತಿರ ಹೋಗಲೇಬಾರದು. ಗುಹೆಯ ಬಾಯಿಯ ಹೊರಗೆ, ಹೊಳೆನೀರು ಏರದ, ಯಾರೂ ತುಳಿಯದ ದಿಣ್ಣೆಯಲ್ಲಿ ಮರಳು ಪದರಪದರವಾಗಿ ಕೂತಿದ್ದರೆ ಮೊದಲ ಕೊಳವೆಯನ್ನು ಹೊಡೆಯಬೇಕಾದದ್ದು ಅಲ್ಲಿ.