ಮೂತ್ರ ಬಂದರೆ ಕಿಡ್ನಿ ಉಳಿಯಿತೇ?

ದೊಡ್ಡ ಆಪರೇಷನ್ ಆದ ರಾತ್ರಿ ಐಸಿಯು ನರ್ಸ್ ಗಂಟೆಗೊಮ್ಮೆ ಬಗ್ಗಿ, ಮಂಚದ ಪಕ್ಕ ತೂಗುವ ಯೂರಿನ್ ಬ್ಯಾಗಿನ ಗೆರೆ ನೋಡಿ ಚಾರ್ಟಿನಲ್ಲಿ ಬರೆಯುತ್ತಾರೆ. 60 ಕಿಲೋ ತೂಕದ ರೋಗಿಗೆ ಗಂಟೆಗೆ 30 ಮಿಲಿಗಿಂತ ಕಡಿಮೆಯಾದರೆ ಡಾಕ್ಟರಿಗೆ ಫೋನು. ಹೊರಗೆ ಕಾದಿರುವ ಮನೆಯವರು ಕೇಳುವುದೂ ಅದನ್ನೇ: ‘ಯೂರಿನ್ ಬಂತಾ ಸಾರ್?’ ಅಂಕಿ ಸರಿಹೋದರೆ ಅಂಗವೂ ಸರಿಹೋಯಿತೆಂಬ ಈ ನಂಬಿಕೆಯ ಮೇಲೆಯೇ ನನ್ನ ತಕರಾರು. ವೈದ್ಯರೂ ಬಹುಕಾಲ ಇದನ್ನು ನಂಬಿ ಔಷಧಿ ಹನಿಸಿದ್ದಾರೆ.

ಡೋಪಮಿನ್ ವಿಚಾರ ನೋಡಿ. ಅದನ್ನು ಸಣ್ಣ ಪ್ರಮಾಣದಲ್ಲಿ ಹರಿಸಿದರೆ ಮೂತ್ರ ಹೆಚ್ಚುತ್ತದೆ. ಆ ಪ್ರಮಾಣಕ್ಕೆ ‘ರೀನಲ್ ಡೋಸ್’ ಎಂಬ ಭರವಸೆಯ ಹೆಸರೂ ಇತ್ತು. 2000ದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆಯ ಐಸಿಯು ವೈದ್ಯರು, ಯಾರಿಗೆ ಡೋಪಮಿನ್, ಯಾರಿಗೆ ಹುಸಿಮದ್ದು ಎಂದು ತಮಗೂ ತಿಳಿಯದಂತೆ, 328 ರೋಗಿಗಳಲ್ಲಿ ಇದನ್ನು ಒರೆಗೆ ಹಚ್ಚಿದರು. ಕಿಡ್ನಿ ಸೋತಾಗ ರಕ್ತದಲ್ಲಿ ಕಾಣುವ ಕ್ರಿಯಾಟಿನಿನ್ ಏರಿಕೆ, ಡಯಾಲಿಸಿಸ್, ಸಾವು, ಯಾವುದರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಡೋಪಮಿನ್, ಮೂತ್ರಪಿಂಡದ ನಾಳಗಳು ಉಪ್ಪನ್ನು ಮರಳಿ ಹೀರದಂತೆ ತಡೆಯುತ್ತದೆ. ಉಪ್ಪಿನ ಜೊತೆ ನೀರೂ ಹೊರಬೀಳುತ್ತದೆ. ಬ್ಯಾಗು ತುಂಬುತ್ತಿತ್ತು, ಚಾರ್ಟು ನೋಡಲು ಚೆಂದವಿತ್ತು, ಕಿಡ್ನಿ ಇದ್ದಲ್ಲೇ ಇತ್ತು.

ಶ್ವಾಸಕೋಶದ ಕತೆ ಇನ್ನೂ ಮುಜುಗರದ್ದು. ಅದೇ ವರ್ಷ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ, ಶ್ವಾಸಕೋಶ ತೀವ್ರವಾಗಿ ಹಾಳಾಗಿದ್ದ 861 ಮಂದಿಯಲ್ಲಿ ಒಂದು ಗುಂಪಿಗೆ ವೆಂಟಿಲೇಟರಿನಿಂದ ದೊಡ್ಡ ಉಸಿರು ಕೊಟ್ಟರು, ಇನ್ನೊಂದಕ್ಕೆ ಅದರ ಅರ್ಧ. ಮೊದಮೊದಲ ದಿನಗಳಲ್ಲಿ ರಕ್ತದ ಆಮ್ಲಜನಕ ಚೆನ್ನಾಗಿದ್ದದ್ದು ದೊಡ್ಡ ಉಸಿರಿನವರಲ್ಲಿ. ಹೆಚ್ಚು ಸತ್ತವರೂ ಅವರೇ: ಶೇ. 39.8. ಸಣ್ಣ ಉಸಿರಿನವರಲ್ಲಿ ಶೇ. 31.

ಅಂಕಿ ಬಿಟ್ಟು ಇನ್ನೇನು ನೋಡಬೇಕು ಎಂದು ಐಸಿಯುನಲ್ಲಿ ರಾತ್ರಿ ಕಳೆಯುವವರು ಕೇಳಿದರೆ ಅದು ನ್ಯಾಯವೇ. ಮೂತ್ರ ಇಳಿದರೆ ಎಚ್ಚರಗೊಳ್ಳಲೇಬೇಕು. ಆದರೆ ಎಚ್ಚರಿಕೆಯನ್ನೇ ಗುರಿ ಮಾಡಿಕೊಂಡು, ಹೇಗಾದರೂ ಆ ಗೆರೆ ಮುಟ್ಟಿಸಲು ಹೊರಟಾಗ ಕೆಲಸ ಕೆಡುತ್ತದೆ.

ಈ ತಕರಾರಿನ ಬಲದಿಂದ ಹುಟ್ಟಿದ ಹೊಸ ಜಾಣತನವನ್ನೂ ನಾನು ಹಾಗೇ ಒಪ್ಪಲಾರೆ. ಮೂತ್ರದ ಗೆರೆ ಮುಟ್ಟಿಸಲು ಡ್ರಿಪ್ ಸುರಿದು ಮೈ ಊದಿಸುವ ಬದಲು ದ್ರವ ಆದಷ್ಟು ಬಿಗಿಹಿಡಿಯಿರಿ ಎಂಬ ಮಾತು ಆಪರೇಷನ್ ಥಿಯೇಟರುಗಳಲ್ಲಿ ಜೋರಾಗಿತ್ತು. 2018ರಲ್ಲಿ ಸುಮಾರು 3000 ದೊಡ್ಡ ಹೊಟ್ಟೆ ಶಸ್ತ್ರಚಿಕಿತ್ಸೆಗಳ ಫಲಿತಾಂಶ ಬಂತು: ಬಿಗಿಹಿಡಿದವರಲ್ಲಿ ಶೇ. 8.6 ಮಂದಿಗೆ ಕಿಡ್ನಿಗೆ ಪೆಟ್ಟು, ಧಾರಾಳವಾಗಿ ಕೊಟ್ಟವರಲ್ಲಿ ಶೇ. 5. ಆ ಸಂಶೋಧಕರು ಮುಖ್ಯವಾಗಿ ಲೆಕ್ಕ ಹಾಕಿದ್ದು ಮಾತ್ರ ಬೇರೆಯದನ್ನು: ಒಂದು ವರ್ಷದ ಮೇಲೆ ರೋಗಿ ತನ್ನ ಕೆಲಸ ತಾನೇ ಮಾಡಿಕೊಂಡು ಬದುಕಿದ್ದಾನೆಯೇ? ಆ ಲೆಕ್ಕದಲ್ಲಿ ಎರಡೂ ಗುಂಪು ಸರಿಸಮ.