ಕತ್ತಲೆಯ ವೀರನೂ ಶಿಲುಬೆಯ ಕ್ರಿಸ್ತನೂ
‘ದಿ ಡಾರ್ಕ್ ನೈಟ್’ ಚಿತ್ರವನ್ನು ಕುರಿತ ಪ್ರೇಕ್ಷಕಾಭಿಪ್ರಾಯಗಳ ಒಂದು ವಿಮರ್ಶೆ

2008ನೆಯ ಇಸವಿಯಲ್ಲಿ ಕೆಲವೇ ತಿಂಗಳ ಅಂತರದಲ್ಲಿ ಎರಡು ಚಲನಚಿತ್ರಗಳು ಕರ್ನಾಟಕದ ಚಿತ್ರಮಂದಿರಗಳಿಗೆ ಬಂದವು. ಮೊದಲನೆಯದು ಹಳೆಯ ಚಿತ್ರ. ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನದಲ್ಲಿ ಡಾ. ರಾಜ್‌ಕುಮಾರ್ ಅಭಿನಯಿಸಿದ 1965ರ ‘ಸತ್ಯ ಹರಿಶ್ಚಂದ್ರ’ವು ಬಣ್ಣ ತುಂಬಿಸಿಕೊಂಡು ಮರಳಿ ತೆರೆಗೆ ಬಂದಿತು. ಎರಡನೆಯದು ಕ್ರಿಸ್ಟೋಫರ್ ನೋಲನ್ ನಿರ್ದೇಶಿಸಿದ ‘ದಿ ಡಾರ್ಕ್ ನೈಟ್’. ಬಾಬ್ ಕೇನ್ ಮತ್ತು ಬಿಲ್ ಫಿಂಗರ್ ಎಂಬವರು 1939ರಲ್ಲಿ ಅಮೆರಿಕದ ಕಾಮಿಕ್ಸ್ ಪತ್ರಿಕೆಯೊಂದರಲ್ಲಿ ಸೃಷ್ಟಿಸಿದ ಬ್ಯಾಟ್‌ಮನ್ ಎಂಬ ಮುಸುಕುವೀರನೇ ಅದರ ನಾಯಕ. ಒಂದು, ಸುಳ್ಳೊಂದನ್ನು ನುಡಿಯಲೊಲ್ಲದೆ ಸರ್ವಸ್ವವನ್ನೂ ಕಳೆದುಕೊಂಡ ಅರಸನ ಕಥೆ. ಇನ್ನೊಂದು, ಸುಳ್ಳೊಂದನ್ನು ಕಾಪಾಡಲು ತನ್ನ ಹೆಸರನ್ನೇ ಬಲಿಕೊಟ್ಟ ವೀರನ ಕಥೆ. ಇವೆರಡನ್ನೂ ಎದುರುಬದುರು ಇಟ್ಟು ನೋಡಬೇಕೆಂಬ ಯೋಚನೆ ನನಗೆ ಆಗ ಬರಲಿಲ್ಲ. ಅದು ಬಂದದ್ದು ಬಹುಕಾಲದ ನಂತರ, ಮೈಸೂರಿನಲ್ಲಿ ಯುವಜನರ ಒಂದು ಕೂಟವು ನೋಲನ್ನರ ಚಿತ್ರವನ್ನು ನೋಡಿ ಚರ್ಚಿಸಿದ ಸಂಜೆ.

ಮೂರು ಅಭಿಪ್ರಾಯಗಳು

ಅಂದು ಕೇಳಿಬಂದ ಅಭಿಪ್ರಾಯಗಳು ಮುಖ್ಯವಾಗಿ ಮೂರು. ಈ ಚಿತ್ರದ ವಿಷಯದಲ್ಲಿ ಬೇರೆಡೆಯೂ ಇವೇ ಮಾತುಗಳು ಕೇಳಿಬರುವುದರಿಂದ ಅವನ್ನು ಒಂದೊಂದಾಗಿ ಪರಿಶೀಲಿಸುವುದು ಉಚಿತ.

ಚಿತ್ರದ ಕತ್ತಲೆ ವಿಶ್ವಾಸಿಗಳ ಮನಸ್ಸಿಗೆ ಹಿತವಲ್ಲ ಎಂಬುದು ಮೊದಲನೆಯದು. ಮಕ್ಕಳ ಪುಸ್ತಕದ ವೀರನನ್ನು ಇಷ್ಟು ಕ್ರೌರ್ಯದ ನಡುವೆ ತಂದು ನಿಲ್ಲಿಸಬೇಕಿತ್ತೇ ಎಂದು ಹಿರಿಯರೊಬ್ಬರು ಕೇಳಿದರು. ಎಳೆಯ ಮಕ್ಕಳಿಗೆ ಈ ಚಿತ್ರ ತಕ್ಕದ್ದಲ್ಲವೆಂಬುದು ನಿಜ. ಆದರೆ ಕತ್ತಲೆಯ ಚಿತ್ರಣವೇ ದೋಷವೆನ್ನುವುದಾದರೆ ನ್ಯಾಯಸ್ಥಾಪಕರ ಪುಸ್ತಕದ ಕೊನೆಯ ಅಧ್ಯಾಯಗಳನ್ನು ನಾವು ಓದುವಂತಿಲ್ಲ. ಈ ಊರಿಗಂತೂ ಅಂಥ ಕೃತಿಗಳು ಹೊಸವಲ್ಲ. ಇಲ್ಲಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಬಿ.ಎಂ. ಶ್ರೀಕಂಠಯ್ಯನವರು ಸೊಫೋಕ್ಲಿಸನ ‘ಅಯಾಸ್’ ನಾಟಕದ ಜಾಡಿನಲ್ಲಿ ‘ಅಶ್ವತ್ಥಾಮನ್’ ಬರೆದು, ದುರಂತವನ್ನು ದುರಂತವೆಂದೇ ನೋಡುವ ರುದ್ರನಾಟಕದ ದೃಷ್ಟಿಯನ್ನು ಕನ್ನಡಕ್ಕೆ ಪರಿಚಯಿಸಿದರು.

ಎರಡನೆಯ ಅಭಿಪ್ರಾಯ ಹುಡುಗರದು: ನಾಯಕನಿಗಿಂತ ಜೋಕರನೇ ಮನಸ್ಸನ್ನು ಸೆಳೆಯುತ್ತಾನೆ. ಚಿತ್ರ ಬಿಡುಗಡೆಯಾಗುವ ಮೊದಲೇ, 2008ರ ಜನವರಿಯಲ್ಲಿ ತೀರಿಕೊಂಡ ಹೀತ್ ಲೆಜರ್‌ಗೆ ಈ ಪಾತ್ರಕ್ಕಾಗಿ ಮರಣೋತ್ತರವಾಗಿ ಆಸ್ಕರ್ ಪ್ರಶಸ್ತಿ ಸಂದಿತು. ಅಭಿನಯದ ಶಕ್ತಿಯನ್ನು ಯಾರೂ ಅಲ್ಲಗಳೆಯಲಾರರು. ಪ್ರತಿನಾಯಕನಿಗೆ ಮನಸೋಲುವುದು ರನ್ನನ ದುರ್ಯೋಧನನನ್ನು ಬಲ್ಲ ಕನ್ನಡಿಗರಿಗೆ ಅಚ್ಚರಿಯ ವಿಷಯವೂ ಅಲ್ಲ. ಆದರೆ ರನ್ನನ ದುರ್ಯೋಧನನಿಗೆ ಕರ್ಣನ ಹೆಣದ ಮುಂದೆ ನಿಂತು ಅಳುವ ಹೃದಯವಿದೆ. ಜೋಕರನಿಗೆ ಅಳಲು ಯಾರೂ ಇಲ್ಲ. ಅವನಿಗೆ ಇರುವುದು ಒಂದು ಪಂಥ ಮಾತ್ರ: ಎಂಥ ಒಳ್ಳೆಯವನನ್ನೂ ತನ್ನ ಮಟ್ಟಕ್ಕೆ ಇಳಿಸಬಲ್ಲೆನೆಂಬುದು. ಈ ಪಂಥವನ್ನು ಅವನು ಗೆದ್ದನೋ ಸೋತನೋ ಎಂಬುದೇ ಚಿತ್ರದ ಪ್ರಶ್ನೆ.

ಮೂರನೆಯ ಅಭಿಪ್ರಾಯ ನಮ್ಮಂಥವರಿಗೆ ಅತ್ಯಂತ ಪ್ರಿಯವಾದದ್ದು. ಇದನ್ನು ನಾನು ಪ್ರಸಂಗಪೀಠದಿಂದಲೂ ಕೇಳಿದ್ದೇನೆ. ಬ್ಯಾಟ್‌ಮನ್ ಕ್ರಿಸ್ತನ ಸಂಕೇತ ಎಂಬುದು ಅದು. ಗಾಥಮ್ ನಗರದ ಆಶಾಕಿರಣವಾಗಿದ್ದ ಸರ್ಕಾರಿ ವಕೀಲ ಹಾರ್ವಿ ಡೆಂಟ್, ಪ್ರೇಯಸಿಯ ಸಾವಿನಿಂದ ಬುದ್ಧಿಗೆಟ್ಟು ಕೊಲೆಗಾರನಾಗುತ್ತಾನೆ. ಇದು ಜನರಿಗೆ ತಿಳಿದರೆ ನಗರದ ಭರವಸೆಯೇ ಕುಸಿಯುವುದೆಂದು ಬ್ಯಾಟ್‌ಮನ್ ಆ ಕೊಲೆಗಳನ್ನು ತನ್ನ ತಲೆಗೆ ಕಟ್ಟಿಕೊಳ್ಳುತ್ತಾನೆ. ಪೊಲೀಸ್ ಅಧಿಕಾರಿ ಗಾರ್ಡನ್ ಅದಕ್ಕೆ ಒಪ್ಪುತ್ತಾನೆ. ಡೆಂಟನ ಹೆಸರು ಉಳಿಯುತ್ತದೆ. ನಿರಪರಾಧಿ ಅಪರಾಧಿಯಾಗಿ ಓಡುತ್ತಾನೆ, ನಾಯಿಗಳು ಬೆನ್ನಟ್ಟುತ್ತವೆ. ಪರರ ಪಾಪವನ್ನು ಹೊತ್ತು ತಿರಸ್ಕೃತನಾದವನು ಎನ್ನುವಾಗ ಯೆಶಾಯನ 53ನೆಯ ಅಧ್ಯಾಯ ಯಾರ ನೆನಪಿಗೆ ಬಾರದು?

ಕೂಟದಲ್ಲಿ ಬಹುಮಂದಿ ಈ ಮಾತಿಗೆ ತಲೆದೂಗಿದರು. ಆಗ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಕಾಲೇಜು ವಿದ್ಯಾರ್ಥಿನಿ ಕೇಳಿದಳು: “ಅಯ್ಯನವರೇ, ಹಡಗಿನಲ್ಲಿದ್ದವರು ಯಾರನ್ನೂ ಕೊಲ್ಲಲಿಲ್ಲವಲ್ಲ? ಅಂಥ ಜನಕ್ಕೆ ನಿಜ ಹೇಳಿದ್ದರೆ ಏನಾಗುತ್ತಿತ್ತು?” ಈ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಈ ಲೇಖನ ಅವಳಿಗೆ ಕೊಡಬೇಕಾಗಿದ್ದ ಉತ್ತರ.

ಎರಡು ಹಡಗುಗಳು

ಅವಳು ನೆನಪಿಸಿದ ದೃಶ್ಯ ಚಿತ್ರದ ಹೃದಯಭಾಗದಲ್ಲಿದೆ. ನಗರವನ್ನು ಬಿಟ್ಟು ಹೊರಟ ಎರಡು ಹಡಗುಗಳಲ್ಲಿ ಜೋಕರನು ಸಿಡಿಮದ್ದು ಇರಿಸಿರುತ್ತಾನೆ. ಒಂದರಲ್ಲಿ ಸಾಮಾನ್ಯ ನಾಗರಿಕರು, ಇನ್ನೊಂದರಲ್ಲಿ ಸೆರೆಮನೆಯ ಕೈದಿಗಳು. ಒಂದು ಹಡಗನ್ನು ಸಿಡಿಸುವ ಗುಂಡಿ ಇನ್ನೊಂದರಲ್ಲಿದೆ. ಮೊದಲು ಒತ್ತಿದವರು ಬದುಕುತ್ತಾರೆ, ಯಾರೂ ಒತ್ತದಿದ್ದರೆ ನಡುರಾತ್ರಿಗೆ ಎರಡೂ ಸಿಡಿಯುತ್ತವೆ. ನಾಗರಿಕರು ಮತ ಹಾಕುತ್ತಾರೆ. ಬಹುಮತ ಒತ್ತುವ ಕಡೆಗೇ ಬರುತ್ತದೆ. ಆದರೂ ಒತ್ತಲು ಯಾರ ಕೈಯೂ ಏಳುವುದಿಲ್ಲ. ಇತ್ತ ಭಾರೀ ಮೈಕಟ್ಟಿನ ಕೈದಿಯೊಬ್ಬನು ಅಧಿಕಾರಿಯ ಕೈಯಿಂದ ಆ ಯಂತ್ರವನ್ನು ಪಡೆದು ಕಿಟಕಿಯಾಚೆ ಎಸೆದುಬಿಡುತ್ತಾನೆ. ಜೋಕರನು ಪಂಥದಲ್ಲಿ ಸೋತದ್ದು ಇಲ್ಲಿ, ಮತ್ತು ಅವನನ್ನು ಸೋಲಿಸಿದವರು ಜನರು.

ಇದಾದ ಸ್ವಲ್ಪ ಹೊತ್ತಿಗೇ ಬ್ಯಾಟ್‌ಮನ್ ಮತ್ತು ಗಾರ್ಡನ್ ಇಬ್ಬರೇ ಕತ್ತಲಲ್ಲಿ ನಿಂತು, ಈ ಜನರು ಸತ್ಯವನ್ನು ತಾಳಲಾರರೆಂದು ತೀರ್ಮಾನಿಸುತ್ತಾರೆ! ಒಬ್ಬ ಡೆಂಟನ ಪತನ ತಿಳಿದರೆ ಇಡೀ ನಗರ ಪತನವಾಗುವುದೆಂದು ಅವರು ನಂಬುತ್ತಾರೆ. ಎಂದರೆ ಹಡಗಿನಲ್ಲಿ ಸೋತ ಜೋಕರನ ಸಿದ್ಧಾಂತವನ್ನು ನಾಯಕನೇ ಒಪ್ಪಿಕೊಂಡಂತಾಯಿತು. ಚಿತ್ರದಲ್ಲಿ ಇಂಥ ಸುಳ್ಳು ಇದೊಂದೇ ಅಲ್ಲ. ಗಾರ್ಡನ್ ತಾನು ಸತ್ತೆನೆಂದು ನಂಬಿಸಿ ಹೆಂಡತಿಮಕ್ಕಳನ್ನು ಅಳಿಸುತ್ತಾನೆ. ಮನೆಯ ಹಿರಿಯ ಸೇವಕ ಆಲ್ಫ್ರೆಡ್, ತೀರಿಹೋದ ರೇಚಲ್ ತನ್ನ ಒಡೆಯನಿಗೆ ಬರೆದಿಟ್ಟ ಪತ್ರವನ್ನು ಸುಟ್ಟುಹಾಕುತ್ತಾನೆ. ಎಲ್ಲವೂ ಪ್ರೀತಿಯಿಂದ ಮಾಡಿದವು. ಎಲ್ಲದರಲ್ಲಿಯೂ ಇನ್ನೊಬ್ಬನಿಗೆ ಎಷ್ಟು ಸತ್ಯ ಸಾಕೆಂಬುದನ್ನು ಬಲ್ಲವನು ಬಲ್ಲವನಾಗಿಯೇ ನಿರ್ಣಯಿಸುತ್ತಾನೆ.

ನಾಲ್ಕು ವರ್ಷಗಳ ನಂತರ ಬಂದ ‘ದಿ ಡಾರ್ಕ್ ನೈಟ್ ರೈಸಸ್’ ಈ ಸುಳ್ಳಿನ ಫಲವನ್ನು ತೋರಿಸುತ್ತದೆ. ಡೆಂಟನ ಹೆಸರಿನಲ್ಲಿ ಕಾನೂನು ಬಂದಿದೆ, ಸೆರೆಮನೆ ತುಂಬಿದೆ, ವರ್ಷಕ್ಕೊಮ್ಮೆ ಅವನ ದಿನಾಚರಣೆ ನಡೆಯುತ್ತದೆ. ನಿಜವನ್ನು ಹೇಳಿಬಿಡಬೇಕೆಂದು ಗಾರ್ಡನ್ ಭಾಷಣ ಬರೆದುಕೊಂಡು ಬಂದರೂ ಓದಲಾರದೆ ಮಡಚಿ ಕಿಸೆಗೆ ಸೇರಿಸುತ್ತಾನೆ. ಆ ಕಾಗದ ಬೇನ್ ಎಂಬ ಶತ್ರುವಿನ ಕೈ ಸೇರುತ್ತದೆ. ಅವನು ಅದನ್ನು ಸೆರೆಮನೆಯ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದುತ್ತಾನೆ. ತಾವೇ ನಿವೇದಿಸಬೇಕಾಗಿದ್ದ ಸತ್ಯ ಹಗೆಯ ಬಾಯಲ್ಲಿ ಆಯುಧವಾಗುತ್ತದೆ. ಆದಕಾರಣ ಮೊದಲ ಚಿತ್ರದ ಮುಕ್ತಾಯವನ್ನು ತ್ಯಾಗವೆಂದು ಕೊಂಡಾಡುವ ಪ್ರೇಕ್ಷಕರು ಎರಡನೆಯದನ್ನೂ ಸೇರಿಸಿಕೊಂಡು ಯೋಚಿಸಬೇಕು.

ಪಾಪವನ್ನು ಹೊರುವುದು, ಪಾಪವನ್ನು ಮುಚ್ಚುವುದು

ಯೆಶಾಯನ 53ನೆಯ ಅಧ್ಯಾಯದಲ್ಲಿ ಸೇವಕನು ಅನೇಕರ ಅಪರಾಧವನ್ನು ಹೊರುತ್ತಾನೆಂಬುದನ್ನು ನಾವೆಲ್ಲರೂ ಬಲ್ಲೆವು. ಅದೇ ಅಧ್ಯಾಯದ 9ನೆಯ ವಚನ ಅವನ ಬಾಯಿ ವಂಚನೆಯನ್ನು ಅರಿಯದ್ದೆಂದು ಸಾಕ್ಷಿ ಹೇಳುವುದನ್ನು ಮಾತ್ರ ಮರೆಯುತ್ತೇವೆ. ಹೊರುವುದೂ ವಂಚಿಸದಿರುವುದೂ ಅಲ್ಲಿ ಬೇರೆಬೇರೆ ಗುಣಗಳಲ್ಲ. ಶಿಲುಬೆ ಪಾಪವನ್ನು ಬಯಲಿಗೆ ತರುತ್ತದೆ. ದೇವರು ತನ್ನ ನೀತಿಯನ್ನು ಬಹಿರಂಗವಾಗಿ ತೋರಿಸಿದನೆಂದು ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 3ನೆಯ ಅಧ್ಯಾಯದಲ್ಲಿ ವಾದಿಸುತ್ತಾನೆ. ಫ್ರೆಂಚ್ ಚಿಂತಕ ರೆನೆ ಜಿರಾರ್ ಹೇಳುವಂತೆ, ಪುರಾತನ ಪುರಾಣಗಳು ಬಲಿಯಾದವನೇ ತಪ್ಪಿತಸ್ಥನೆಂದು ನಂಬಿಸಿದರೆ ಸುವಾರ್ತೆಗಳು ಅವನ ನಿರಪರಾಧವನ್ನು ಸಾರಿದವು. ಹಾಗಾದರೆ ಗಾಥಮ್‌ನ ಕಥೆ ಮರಳಿ ಪುರಾಣದ ಕಡೆಗೇ ನಡೆಯುತ್ತದೆ. ಅಲ್ಲಿನ ಶಾಂತಿಗೆ ಒಬ್ಬ ಸುಳ್ಳು ಅಪರಾಧಿ ಬೇಕು. ಜನಾಂಗವೆಲ್ಲ ಹಾಳಾಗುವುದಕ್ಕಿಂತ ಒಬ್ಬನು ಸಾಯುವುದು ಲೇಸೆಂಬ ತರ್ಕ ಯೋಹಾನನ ಸುವಾರ್ತೆಯ 11ನೆಯ ಅಧ್ಯಾಯದಲ್ಲಿಯೂ ಇದೆ. ಅಲ್ಲಿ ಅದನ್ನು ಆಡಿದವನು ಕಾಯಫ. ಇಲ್ಲಿ ಬಲಿಯಾಗುವವನು ತಾನೇ ಒಪ್ಪಿದ್ದಾನೆಂಬುದೊಂದೇ ವ್ಯತ್ಯಾಸ.

ಇದಕ್ಕೆ ಬಲವಾದ ಆಕ್ಷೇಪಗಳುಂಟು. ಇಬ್ರಿಯ ಸೂಲಗಿತ್ತಿಯರು ಫರೋಹನಿಗೆ ನಿಜ ಹೇಳಲಿಲ್ಲ. ರಾಹಾಬಳು ಗೂಢಚಾರರನ್ನು ಅಡಗಿಸಿದಳು. ಸುಳ್ಳನ್ನು ಕುರಿತು ಎರಡು ಪ್ರತ್ಯೇಕ ಗ್ರಂಥಗಳನ್ನೇ ಬರೆದ ಆಗಸ್ಟೀನನು ಇಲ್ಲಿಯೂ ಸಡಿಲು ಕೊಡಲಿಲ್ಲ. ನನಗೆ ಅಷ್ಟು ಕಠಿಣವಾಗುವುದು ಸಾಧ್ಯವಿಲ್ಲ. ಆದರೂ ಆ ಸ್ತ್ರೀಯರು ಬಲಿಷ್ಠರ ಕೈಯಿಂದ ದುರ್ಬಲರನ್ನು ಬಿಡಿಸಲು ಹಾಗೆ ನುಡಿದರು. ಗಾಥಮ್‌ನಲ್ಲಿ ನುಡಿದವರು ಬಲಿಷ್ಠರು, ವಂಚಿತರಾದವರು ಪ್ರಜೆಗಳು. ಇನ್ನೊಂದು ಆಕ್ಷೇಪ ಡೀಟ್ರಿಚ್ ಬಾನ್‌ಹೋಫರನದು. ಹೊಣೆಗಾರನಾದವನು ನೆರೆಯವನಿಗಾಗಿ ಅಪರಾಧವನ್ನು ಹೊರಲು ಹಿಂಜರಿಯಬಾರದೆಂದು ಅವನು ಬರೆದನು, 1945ರ ಏಪ್ರಿಲ್ 9ರಂದು ಗಲ್ಲಿಗೇರಿದನು. ಆದರೆ ಅವನು ಹೊತ್ತದ್ದು ತಾನು ನಿಜವಾಗಿ ಮಾಡಿದ ಕೃತ್ಯದ ಅಪರಾಧವನ್ನು, ದೇವರ ಮುಂದೆ, ಕ್ಷಮೆಯನ್ನು ಬೇಡುತ್ತ. ಮಾಡದ ಅಪರಾಧವನ್ನು ಹೊತ್ತು ಮಾಡಿದವನನ್ನು ಮುಚ್ಚುವುದು ಅದರಂತಲ್ಲ. ಡೆಂಟನ ಪಾಲಿಗೆ ಈ ತ್ಯಾಗದಿಂದ ಪಶ್ಚಾತ್ತಾಪವೂ ಇಲ್ಲ, ಕ್ಷಮೆಯೂ ಇಲ್ಲ. ಅವನಿಗೆ ಸಿಕ್ಕಿದ್ದು ಒಂದು ದಿನಾಚರಣೆ.

ಇಲ್ಲಿ ಹರಿಶ್ಚಂದ್ರನು ನೆನಪಾಗುತ್ತಾನೆ. ರಾಘವಾಂಕನ ಕಾವ್ಯದಿಂದ ಕನ್ನಡಿಗರ ಮನೆಮಾತಾದ ಆ ಅರಸನಿಂದ ವಿಶ್ವಾಮಿತ್ರನು ಕೇಳಿದ್ದು ಒಂದು ಸುಳ್ಳು ಮಾತ್ರ; ಅದನ್ನಾಡಿದ್ದರೆ ರಾಜ್ಯ, ಹೆಂಡತಿ, ಮಗ ಎಲ್ಲರೂ ಉಳಿಯುತ್ತಿದ್ದರು. ಪುಣ್ಯಕೋಟಿಯ ಹಾಡನ್ನು ಕೇಳಿ ಬೆಳೆದ ನಮ್ಮ ನಾಡಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹರಿಶ್ಚಂದ್ರನ ಸತ್ಯದ ಬೆಲೆಯನ್ನು ಚಂದ್ರಮತಿಯೂ ಲೋಹಿತಾಶ್ವನೂ ತೆರಬೇಕಾಯಿತೆಂಬುದೂ ನಿಜ. ಆ ಕಥೆಯನ್ನು ಕ್ರಿಸ್ತನ ಕಥೆಗೆ ಸಮವೆಂದು ನಾನು ಹೇಳುವುದಿಲ್ಲ. ಆದರೆ ಸುಳ್ಳಿನಿಂದ ಕೊಂಡ ರಾಜ್ಯ ರಾಜ್ಯವಲ್ಲವೆಂಬುದನ್ನು ಈ ಮಣ್ಣು ಬಹುಕಾಲದಿಂದ ಬಲ್ಲುದು. ನೋಲನ್ನರ ಚಿತ್ರ ಮುಗಿದಾಗ ನಮ್ಮೊಳಗಿನ ಕನ್ನಡಿಗನೂ ಕ್ರೈಸ್ತನೂ ಒಟ್ಟಿಗೆ ಅಸಮಾಧಾನ ಪಡಬೇಕಾಗಿತ್ತು.

ಕೋಳಿ ಕೂಗಿದ ಕಥೆ

ಆದಿಸಭೆಗೂ ಒಬ್ಬ ಡೆಂಟನಿದ್ದನು. ಅವನ ಹೆಸರು ಪೇತ್ರ. ಸಭೆಯ ಸ್ತಂಭವೆನಿಸಿಕೊಂಡವನು ಬೆಂಕಿ ಕಾಯಿಸಿಕೊಳ್ಳುತ್ತ ಒಬ್ಬ ದಾಸಿಯ ಮುಂದೆ ತನ್ನ ಕರ್ತನನ್ನು ಅರಿಯೆನೆಂದನು. ಎಳೆಯದಾದ, ಹಿಂಸೆಗೆ ಒಳಗಾದ ಆ ಸಮುದಾಯಕ್ಕೆ ಇದನ್ನು ಮುಚ್ಚಿಡಲು ಎಲ್ಲ ಕಾರಣಗಳೂ ಇದ್ದವು. ಆದರೂ ನಾಲ್ಕು ಸುವಾರ್ತೆಗಳೂ ಅದನ್ನು ಬರೆದಿಟ್ಟಿವೆ. ಅದೇ ರೀತಿ ದಾವೀದನ ವಂಶಾವಳಿಯನ್ನು ಹೇಳುವ ಮತ್ತಾಯನು ಊರೀಯನ ಹೆಂಡತಿಯೆಂಬ ಮಾತನ್ನು ಅಳಿಸಲಿಲ್ಲ. ಆ ಪೇತ್ರನೇ ಪಂಚಾಶತ್ತಮ ದಿನದಲ್ಲಿ ಯೆರೂಸಲೇಮಿನ ಜನರ ಮುಂದೆ ನಿಂತು, ನೀವು ಶಿಲುಬೆಗೆ ಹಾಕಿಸಿದವನು ಇವನೇ ಎಂದು ಹೇಳಿದನು. ಜನ ಕುಸಿಯಲಿಲ್ಲ, ಎದೆಗೆ ಅಲಗು ನೆಟ್ಟವರಂತಾಗಿ, ನಾವೇನು ಮಾಡಬೇಕೆಂದು ಕೇಳಿದರು. ಸತ್ಯವನ್ನು ತಾಳಲಾರರೆಂದು ಯಾರಾದರೂ ತೀರ್ಮಾನಿಸಬಹುದಾಗಿದ್ದ ಆ ಗುಂಪಿನಿಂದಲೇ ಅಂದು ಸುಮಾರು ಮೂರು ಸಾವಿರ ಮಂದಿ ಸಭೆಗೆ ಸೇರಿದರೆಂದು ಅಪೊಸ್ತಲರ ಕೃತ್ಯಗಳು ಹೇಳುತ್ತದೆ.

ಇಷ್ಟೆಲ್ಲವನ್ನೂ ಒಂದು ಸಿನಿಮಾದ ನೆಪದಲ್ಲಿ ಬರೆಯಲು ಕಾರಣವಿದೆ. ಬಹಳ ವರ್ಷಗಳ ಹಿಂದೆ ನಾನು ಸದಸ್ಯನಾಗಿದ್ದ ಒಂದು ಸಮಿತಿಯಲ್ಲಿ ಬಡ ಮಕ್ಕಳ ವಿದ್ಯಾಭ್ಯಾಸ ನಿಧಿಯ ಲೆಕ್ಕ ತಪ್ಪಿತು. ತಪ್ಪು ಯಾರದೆಂದು ನಮಗೆಲ್ಲರಿಗೂ ಗೊತ್ತಿತ್ತು. ಅವರು ಎಲ್ಲರೂ ಗೌರವಿಸುತ್ತಿದ್ದ ಹಿರಿಯರು. ನಾವು ಅಲ್ಪಸಂಖ್ಯಾತರು, ಹೊರಗಿನವರು ಆಡಿಕೊಳ್ಳುತ್ತಾರೆ, ಸಭೆಯ ಹೆಸರು ಕೆಡುತ್ತದೆ ಎಂದು ಮಾತಾಯಿತು. ಕೊನೆಗೆ ಲೆಕ್ಕ ಬರೆಯುತ್ತಿದ್ದ ಗುಮಾಸ್ತರು ತಮ್ಮ ಕೈತಪ್ಪೆಂದು ಬರೆದುಕೊಟ್ಟು ಕೆಲಸ ಬಿಟ್ಟರು. ಬರೆದುಕೊಡುವಂತೆ ಅವರ ಮನವೊಲಿಸಲು ಹೋದವರಲ್ಲಿ ನಾನೂ ಒಬ್ಬ. ಇದು ಕ್ರಿಸ್ತನಂತೆ ಮಾಡುವ ತ್ಯಾಗವೆಂದು ಅವರಿಗೆ ಹೇಳಿದವನು ನಾನೇ. ಶಿಲುಬೆಯ ಉಪದೇಶವನ್ನು ನಾನು ಆ ದಿನ ಯಾವುದಕ್ಕೆ ಬಳಸಿದೆನೆಂಬುದು ಆ ಹುಡುಗಿ ಪ್ರಶ್ನೆ ಕೇಳುವವರೆಗೆ ನನಗೆ ಹೊಳೆದಿರಲಿಲ್ಲ.

ಮುಸುಕುವೀರರ ಚಿತ್ರಗಳನ್ನು ನಮ್ಮ ಯುವಜನರು ನೋಡಲಿ, ಚರ್ಚಿಸಲಿ. ಪ್ರಸಂಗಗಳಲ್ಲಿ ಉದಾಹರಿಸಲೂ ಅಡ್ಡಿಯಿಲ್ಲ. ಆದರೆ ಉದಾಹರಿಸುವಾಗ, ಈ ತ್ಯಾಗದಿಂದ ಯಾವ ಸತ್ಯ ಬೆಳಕಿಗೆ ಬಂತು, ಯಾವುದು ಹೂತುಹೋಯಿತು ಎಂದು ಕೇಳಬೇಕು. ದುರ್ಬಲರನ್ನು ಬಲವಂತರ ಮಾನಕ್ಕಾಗಿ ಸುಮ್ಮನಿರಿಸುವ ತ್ಯಾಗ ಯಾವ ವೇಷದಲ್ಲಿ ಬಂದರೂ ಅದಕ್ಕೆ ಕ್ರಿಸ್ತನ ಹೆಸರನ್ನು ಕೊಡಬಾರದು.

ಆ ಗುಮಾಸ್ತರು ಈಗ ಇಲ್ಲ. ಅವರ ಮನೆಯವರ ಬಳಿಗೆ ಹೋಗಿ ನಡೆದದ್ದನ್ನು ಹೇಳಿದ್ದೇನೆ. ನಡವಳಿ ಪುಸ್ತಕದಲ್ಲಿ ಅಂದಿನ ನಿರ್ಣಯವನ್ನು ತಿದ್ದಿ ಬರೆಯಬೇಕೆಂದು ಸಂಬಂಧಪಟ್ಟವರಿಗೆ ಪತ್ರವನ್ನೂ ಕೊಟ್ಟಿದ್ದೇನೆ. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ.